ಹಾಸ್ಟೆಲ್ ಮಕ್ಕಳ ಅಮ್ಮ

ಅಮ್ಮ,

ಇವತ್ತು ಜಯನಗರದ ನಿನ್ನ ಶಾಲೆಯಲ್ಲಿ ನಿನಗೆ ಅತ್ಯುತ್ತಮ ಸಿಬ್ಬಂದಿ ಪ್ರಶಸ್ತಿ ಕೊಟ್ಟರು. ನೀನೀಗ ಬದುಕಿಲ್ಲವಲ್ಲ, ನಾನೇ ಹೋಗಿ ಶಾಲು ಹೊದಿಸಿಕೊಂಡೆ. "ಕಿವಿ ಕೇಳದ, ಕಣ್ಣು ಕಾಣದ ಈ ಮಕ್ಕಳಿಗೆಲ್ಲಾ ವಾರ್ಡನ್ ವಿಮಲಾ ಮೇಡಮ್ಮೇ ತಾಯಿ" ಎಂದರು ಹೆಡ್‌ಮಿಸ್. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಕಿವಿ ಕೇಳದ ಪುಟ್ಟ ಹುಡುಗಿಯೊಬ್ಬಳು ಬಂದು, ತನ್ನ ಜಡೆ ತೋರಿಸಿ ಸನ್ನೆಯಲ್ಲಿ ಏನೋ ಕೇಳಿದಳು. ನಿನ್ನ ಆ ಭಾಷೆ ನನಗೆಲ್ಲಿ ಬರುತ್ತದೆ? ಪಕ್ಕದಲ್ಲಿದ್ದ ಟೀಚರ್ ಬಿಡಿಸಿ ಹೇಳಿದರು: "ಅಮ್ಮ ನಿಮ್ಗೂ ದಿನಾ ಹೀಗೇ ಜಡೆ ಹಾಕ್ತಿದ್ರಾ ಅಂತಿದಾಳೆ."

ನೀನು ಹಾಸ್ಟೆಲ್ಲಿನಲ್ಲೇ ಇದ್ದುಬಿಟ್ಟೆ. ನನಗೆ ಜಡೆ ಹಾಕುತ್ತಿದ್ದವರು ಶ್ರೀನಗರದ ಅತ್ತೆ, ಗೊಣಗಿಕೊಂಡು, ಎಳೆದೆಳೆದು.

"ಹೂಂ, ದಿನಾ" ಎಂದೆ.

ಟೀಚರ್ ಅದನ್ನು ಸನ್ನೆಯಲ್ಲಿ ತಿಳಿಸಿದಾಗ ಅವಳ ಮುಖ ಅರಳಿತು. ಆ ಸುಳ್ಳು ಅವಳಿಗಾಗಿ ಹೇಳಿದ್ದು, ನಿನಗಾಗಿ ಅಲ್ಲ.

ಹಂಸಾ