ಟಿವಿಯಲ್ಲಿ ಬಂದ ಕಸೂತಿ ಅಂಗಿ

ವರ್ವಾರಕ್ಕನಿಗೆ ನಮಸ್ಕಾರ,

ಸೋಮವಾರದಿಂದ ಈಸ್ಟರ್‌ ಉಪವಾಸ ಶುರು. ಅದಕ್ಕೆ ಮುಂಚೆ ಎಲ್ಲರ ಹತ್ತಿರವೂ ಕ್ಷಮೆ ಕೇಳಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕ್ಷಮಿಸು. ಕೇಳಿದ್ದಾಯಿತು.

ಯುರೋಪಿನ ಹಾಡಿನ ಸ್ಪರ್ಧೆಗೆ ನಮ್ಮ ಮೊಲ್ದೋವಾದಿಂದ ಯಾರು ಹೋಗಬೇಕೆಂಬ ಆಯ್ಕೆಯಲ್ಲಿ ನಿನ್ನ ಮಗಳು ಇಲಿಂಕಾ ಕೊನೆಯ ಸುತ್ತಿಗೆ ಹೋದಳು, ನನ್ನ ಔರೀಕಾ ಮೊದಲ ಸುತ್ತಿಗೇ ಮನೆಗೆ ಬಂದಳು. ದೇವರ ಚಿತ್ತ. ಆದರೆ ಇಲಿಂಕಾ ತೊಟ್ಟಿದ್ದ ಕಸೂತಿ ಅಂಗಿ ನಾನು ಔರೀಕಾಳಿಗೆಂದು ಹೊಲಿದದ್ದು, ನೀನು ಒಂದು ದಿನಕ್ಕೆಂದು ಒಯ್ದದ್ದು. ಟಿವಿಯವರ ಮುಂದೆ "ಇದು ನಮ್ಮಜ್ಜಿ ಕಾಲದ್ದು" ಅಂದುಬಿಟ್ಟೆಯಲ್ಲ! ಹೊಲಿದವಳು ಇನ್ನೂ ಸತ್ತಿಲ್ಲ ಅಕ್ಕ.

ನೆರೆಮನೆಯ ಪರಸ್ಕೀವಾ ಬೇಲಿಯಾಚೆಯಿಂದ, "ಏನಮ್ಮಾ, ನಿಮ್ಮನೆ ಕೋಗಿಲೆ ಗೆಲ್ಲುತ್ತಾ?" ಅಂದಳು.

"ಕೋಗಿಲೆ ಅಕ್ಕನ ಮನೇದು ಕಣೇ, ನಮ್ಮನೇಲಿರೋದು ಕೋಳಿ" ಅಂದೆ.

ಔರೀಕಾ ಕೇಳಿಸಿಕೊಂಡು ಅವತ್ತು ಊಟ ಬಿಟ್ಟಳು. ಆದರೂ ಇಲಿಂಕಾಳಿಗೇ ಓಟು ಹಾಕಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ, ಹುಚ್ಚಿ.

ಅಂಗಿಯನ್ನು ಒಗೆಯದೆ ಕಳಿಸು, ಕೆಂಪು ನೂಲು ಬಣ್ಣ ಬಿಡುತ್ತದೆ.

ಶನಿವಾರ ನಾನೂ ಫೋನಿನಲ್ಲಿ ಇಲಿಂಕಾಳಿಗೆ ಓಟು ಹಾಕುತ್ತೇನೆ. ಒಬ್ಬೊಬ್ಬರು ಎಷ್ಟು ಬೇಕಾದರೂ ಹಾಕಬಹುದಂತೆ. ನಾನು ಒಂದೇ ಹಾಕುವುದು.

ನಿನ್ನ ತಂಗಿ,
ಅಕ್ಸೇನಿಯಾ