ಜೋರಾಗಿ ಓದ್ರಿ

ಯವ್ವಾ,

ನೀ ತೀರಿಕೊಂಡ ಮ್ಯಾಲೆ ನಿನಗ ಬರಿಯೂ ಮೊದಲನೇ ಪತ್ರ ಇದು. ಇವತ್ತು ನಾ ಗೆದ್ದೆ! ಚುನಾವಣಿ ಇನ್ನೂ ದೂರ ಐತಿ, ಆದ್ರ ನಾ ಇವತ್ತ ಗೆದ್ದೆ.

ಪಂಚಾಯ್ತಿ ಆಫೀಸಿನ್ಯಾಗ ನಾಮಪತ್ರ ತಪಾಸಣಿ ಇತ್ತು. ನನ್ನ ಎದುರು ಚುನಾವಣಿಗೆ ನಿಂತ ಭೀಮಶಿ, ಸರ್ಕಾರಿ ಗೆಜೆಟಿನ ಹಾಳಿ ಎತ್ತಿ ಹಿಡದು, "ಸಾಹೇಬ್ರ, ಈಕಿ ದಿವಾಳಿ ಅಂತ ಕೋರ್ಟ್ ಹೇಳೇತಿ. ದಿವಾಳಿ ಆದವರು ನಿಲ್ಲಂಗಿಲ್ಲ" ಅಂದ. ಮಂದಿ ಎಲ್ಲಾ ನನ್ನ ಕಡೆ ತಿರುಗಿದ್ರು. ನನ್ನ ಪೆಂಡಾಲ ಅಂಗಡಿ ಮುಳುಗಿದ ವರ್ಷ ಅದಾ ಸುದ್ದಿ ಚಾವಡಿ ಗ್ವಾಡಿಗೆ ಹಚ್ಚಿದಾಗೂ ಹಿಂಗಾ ತಿರುಗಿದ್ರು. ಅವತ್ತಿಂದ ನೀ ಯಾರ ಮನಿ ಹೊಸ್ತಿಲಾನೂ ತುಳೀಲಿಲ್ಲ.

ನಾ ನಗಕೋತ ಧಾರವಾಡ ಕೋರ್ಟಿನ ಶಿಕ್ಕಾ ಇದ್ದ ನಕಲು ತಗದು ಮುಂದಿಟ್ಟೆ. ದಿವಾಳಿ ಆಗಿದ್ದನ್ನ ಊರಿಗೆಲ್ಲಾ ಸಾರತಾರ. ಬಿಡುಗಡಿ ಆಗಿದ್ದೂ ಕೋರ್ಟಿನ ದಫ್ತರದಾಗ ಇರತೈತಿ, ಆದ್ರ ಅರ್ಜಿ ಕೊಟ್ಟು ಕೇಳಿದವರಿಗಷ್ಟ ಸಿಗತೈತಿ. ಭೀಮಶಿ ಕೇಳಿರಲಿಲ್ಲ.

ಅಧಿಕಾರಿ ಓದಿದ್ರು: "ದಾನೇಶ್ವರಿ ಅವರನ್ನು ದಿವಾಳಿತನದಿಂದ ಬಿಡುಗಡೆ ಮಾಡಲಾಗಿದೆ." ನಾಮಪತ್ರ ಪಾಸಾತು! ಭೀಮಶಿ ಚಪ್ಪಲಿ ಹುಡುಕಾಕ ಹತ್ತಿದ.

ಈ ಆದೇಶ ಬಂದು ಮೂರು ವರ್ಷಾತು. ಅವತ್ತ ನೀ, "ಇದನ್ನೂ ಚಾವಡಿಗೆ ಹಚ್ಚಿ ಬಾ ಬೇ" ಅಂದಿದ್ದಿ. "ಮುಚ್ಚಿದ್ದನ್ನ ಮತ್ತ್ಯಾಕ ಕೆದರತಿ?" ಅಂತ ನಾ ಟ್ರಂಕಿನ್ಯಾಗ ಇಟ್ಟೆ.

"ಸಾಹೇಬ್ರ, ಇನ್ನೊಮ್ಮೆ ಓದ್ರಿ" ಅಂದೆ.

"ಯಾಕವ್ವಾ, ಎಲ್ಲಾರೂ ಕೇಳಿದ್ರಲ್ಲ?"

"ಎಲ್ಲಾರೂ ಕೇಳಿಲ್ರಿ. ಜೋರಾಗಿ ಓದ್ರಿ."