ಜೀಪಿನ ಗಾಲಿಗೆ ಕೊಟ್ಟ ಚಪ್ಪಲಿ

ಭಾವನೋರಿಗೆ ನಾದಿನಿ ಲೋಹಿತಾಳ ನಮಸ್ಕಾರ. ನಿಮ್ಮ ಜೀಪಿಗೆ ಇನ್ನೂ ಒಂದು ಹೆಚ್ಚಿಗೆ.

ಪುಣೆಯ ಟ್ರೈನಿಂಗು ಮುಗಿದ ಮೇಲೆ ಟೀಚರುಗಳಾದ ನಮ್ಮನ್ನೆಲ್ಲ ಒಂದು ಕಾರು ಕಂಪನಿಯೋರ ಹಳೇ ಗಾಡಿಗಳ ಮ್ಯೂಸಿಯಮ್ಮಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ನಿಮ್ಮ ಜೀಪಿನ ಅಣ್ಣನೇ ನಿಂತಿದ್ದಾನೆ! ಅದೇ ಮೂತಿ, ಅದೇ ಹಸಿರು. ಸುತ್ತ ಹಗ್ಗ ಕಟ್ಟಿ ಇಳಿಜಾರು ಕಟ್ಟೆ ಮೇಲೆ ನಿಲ್ಲಿಸಿದ್ದಾರೆ, ಹಿಂದಕ್ಕೆ ಉರುಳದ ಹಾಗೆ ಗಾಲಿಗೆ ಒಂದು ಕಲ್ಲೂ ಕೊಟ್ಟಿಲ್ಲ. ಚನ್ನರಾಯನದುರ್ಗದ ಏರಲ್ಲಿ "ಲೋಹೀ, ಇಳ್ದು ಕಲ್ ಕೊಡಮ್ಮೋ" ಅಂತ ಕೂಗಿ ಕೂಗಿ ನೀವು ಅಭ್ಯಾಸ ಮಾಡಿಸಿದ್ದೀರಲ್ಲ, ನನಗೆ ತಡೀಲಿಲ್ಲ. ಹಗ್ಗದಡಿ ನುಗ್ಗಿ, ಚಪ್ಪಲಿ ಕಳಚಿ, ಗಾಲಿಗೆ ಕೊಟ್ಬುಟ್ಟೆ. ಗಾರ್ಡು ಸೀಟಿ ಊದ್ಕೊಂಡು ಓಡಿಬಂದ.

"ಮೇಡಂ, ಇದು ನಲವತ್ತು ವರ್ಷದಿಂದ ಅಲುಗಾಡಿಲ್ಲ" ಅಂದ.

"ನಮ್ಮದೂ ಹಂಗೇ, ನಾಲ್ಕು ಜನ ತಳ್ಳೋವರೆಗೂ" ಅಂದೆ.

ಆದ್ರೂ ಭಾವ, ನಿಮ್ಮದರಲ್ಲಿ ಗೊರವನಹಳ್ಳಿಗೆ ಹದಿನಾಲ್ಕು ಜನ ಹತ್ತುತ್ತಾರೆ. ಇದನ್ನ ದಿನಾ ಒರೆಸಿ ಮಿಂಚಿಸ್ತಾರೆ, ಪಾಪ, ಒಬ್ಬರೂ ಹತ್ತಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ಚಪಾತಿ ತಿಂದೂ ತಿಂದೂ ಮುದ್ದೆ ಕನಸಿಗೆ ಬರ್ತಿದೆ.

ಜೀಪನ್ನ ಗುಜರಿಗೆ ಹಾಕಿ ಅಂತ ಅಕ್ಕನ ಜೊತೆ ಸೇರಿ ನಾನೂ ನಿಮ್ಮ ಪ್ರಾಣ ತಿಂದೆ, ತಪ್ಪಾಯ್ತು. ಸಿರಾದಿಂದ ಗುಜರಿಯೋರು ಬಂದ್ರೆ ಈ ಕಾರ್ಡಿನ ಮೇಲಿರೋ ಮ್ಯೂಸಿಯಂ ಜೀಪಿನ ಫೋಟೋ ತೋರಿಸಿ ವಾಪಸ್ ಕಳಿಸಿ. ಫೋನಲ್ಲೇ ಹೇಳೋಣ ಅಂದ್ರೆ ಅಕ್ಕ ಸ್ಪೀಕರಿಗೆ ಹಾಕ್ತಾಳೆ.

ಹದಿನೆಂಟಕ್ಕೆ ಬೆಳಿಗ್ಗೆ ತುಮಕೂರು ಸ್ಟೇಷನ್ನಿಗೆ ಜೀಪೇ ತನ್ನಿ. ಕಲ್ಲು ಕೊಡೋಕೆ ನಾನಿದ್ದೀನಿ.

ಲೋಹಿತಾ